ಹರಾಜಿನಲ್ಲಿ ಏರುವ ಬೆಲೆ: ವಿಶ್ವಾಸಿಯ ನಿಲುವೇನು?

ಅಮೇರಿಕದ ಗಾಯಕಿ ಜ್ಯಾನಿಸ್ ಜಾಪ್ಲಿನ್ 1968ರಲ್ಲಿ ಒಂದು ಹಳೆಯ ಪೋರ್ಷೆ ಕಾರನ್ನು ಸುಮಾರು 3,500 ಡಾಲರಿಗೆ ಕೊಂಡರು. ಅದು 1964ರ ಮಾದರಿಯದು. ತನ್ನ ತಂಡದ ಸಹಾಯಕನೊಬ್ಬನಿಂದ ಅದರ ಮೈತುಂಬಾ ಬಣ್ಣ ಬಣ್ಣದ ಚಿತ್ರಗಳನ್ನು ಬರೆಸಿದರು. 1970ರಲ್ಲಿ ಆಕೆ ತೀರಿಕೊಂಡರು. 2015ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ ಅದೇ ಕಾರು 17 ಲಕ್ಷ 60 ಸಾವಿರ ಡಾಲರಿಗೆ ಮಾರಾಟವಾಯಿತು. ಹರಾಜು ನಡೆಸಿದವರ ಅಂದಾಜು ಬೆಲೆಯಾದರೋ 4ರಿಂದ 6 ಲಕ್ಷ ಡಾಲರ್ ಮಾತ್ರವಾಗಿತ್ತು!

ಓದುಗ ಬಂಧುಗಳೇ, ಇಂತಹ ಕಾರು ಕೊಳ್ಳುವ ಶಕ್ತಿ ನಮಗಿಲ್ಲ, ಹಾಗಿರುವಾಗ ಈ ಸುದ್ದಿಯಿಂದ ನಮಗೇನಾಗಬೇಕು ಎಂದು ನೀವು ಕೇಳಬಹುದು. ಆದರೆ ಮೀನಿನ ಧಕ್ಕೆಯಲ್ಲಿ, ಅಡಿಕೆ ಮಂಡಿಯಲ್ಲಿ, ಸಾಲ ತೀರದೆ ಜಪ್ತಿಯಾದ ವಾಹನಗಳ ಏಲಂನಲ್ಲಿ ಬೆಲೆ ಕೂಗುವವರು ನಮ್ಮವರೇ. ಕೋಟಿಯ ಹರಾಜಿಗೂ ಸಾವಿರದ ಹರಾಜಿಗೂ ನಿಯಮ ಒಂದೇ.

ಬೆಲೆ ಏರುವ ಬಗೆ

ಹಳೆಯ ಕಾರಿನ ಮೂಲರೂಪವನ್ನು ಬದಲಿಸಿದರೆ ಸಾಮಾನ್ಯವಾಗಿ ಅದರ ಬೆಲೆ ಕುಸಿಯುತ್ತದೆ. ಕಾರ್ಖಾನೆಯಿಂದ ಬಂದ ಅದೇ ಇಂಜಿನ್ ಇದೆಯೇ ಎಂದು ಸಂಗ್ರಹಕಾರರು ನಂಬರ್ ನೋಡಿ ಪರೀಕ್ಷಿಸುತ್ತಾರೆ. ಆದರೆ ಬದಲಾವಣೆಯ ಹಿಂದೆ ಪ್ರಸಿದ್ಧ ವ್ಯಕ್ತಿಯ ಅಥವಾ ನುರಿತ ಕಾರ್ಯಾಗಾರದ ಹೆಸರಿದ್ದರೆ ಲೆಕ್ಕ ತಿರುಗುತ್ತದೆ. 2009ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಆರಂಭವಾದ ಸಿಂಗರ್ ಎಂಬ ಸಂಸ್ಥೆಯು 1990ರ ಆಸುಪಾಸಿನ ಪೋರ್ಷೆ 911 ಕಾರುಗಳನ್ನು ಪೂರ್ತಿ ಬಿಚ್ಚಿ, ಕಾರ್ಬನ್ ಫೈಬರ್ ಮೈಕಟ್ಟು ತೊಡಿಸಿ ಹೊಸದಾಗಿ ಕಟ್ಟುತ್ತದೆ. ಅಂತಹ ಕಾರುಗಳು ಹರಾಜಿನಲ್ಲಿ 10 ಲಕ್ಷ ಡಾಲರ್ ದಾಟಿದ್ದುಂಟು.

ಕೂಗಿದ ಬೆಲೆಯೇ ಕೊನೆಯ ಬೆಲೆಯೂ ಅಲ್ಲ. 'ಬುಲ್ಲಿಟ್' ಚಲನಚಿತ್ರಕ್ಕಾಗಿ ಮಾರ್ಪಡಿಸಲ್ಪಟ್ಟ 1968ರ ಫೋರ್ಡ್ ಮಸ್ಟಾಂಗ್ ಕಾರು 2020ರ ಜನವರಿಯಲ್ಲಿ ಫ್ಲಾರಿಡಾದಲ್ಲಿ 34 ಲಕ್ಷ ಡಾಲರಿನ ಕೂಗಿಗೆ ನಿಂತಿತು. ಹರಾಜು ಸಂಸ್ಥೆಯ ಶುಲ್ಕ ಸೇರಿ ಕೊಂಡವನು ತೆತ್ತದ್ದು 37 ಲಕ್ಷ 40 ಸಾವಿರ ಡಾಲರ್!

ಹರಾಜು ಅನುವದನೀಯವೇ?

ಹೌದು. ಬೇಡಲು ಬಂದ ಒಬ್ಬ ಅನ್ಸಾರಿಯ ಮನೆಯಲ್ಲಿದ್ದ ಕಂಬಳಿ ಮತ್ತು ಬಟ್ಟಲನ್ನು ಪ್ರವಾದಿವರ್ಯರು(ಸ) ತರಿಸಿಕೊಂಡರು. ಒಬ್ಬರು ಒಂದು ದಿರ್ಹಮ್ ಕೊಡಲೊಪ್ಪಿದಾಗ, ಇನ್ನೂ ಹೆಚ್ಚು ಕೊಡುವವರಿದ್ದಾರೆಯೇ ಎಂದು ಕೇಳಿ ಎರಡು ದಿರ್ಹಮ್‌ಗಳಿಗೆ ಮಾರಿದರು. ಒಂದರಿಂದ ಮನೆಗೆ ಆಹಾರ, ಇನ್ನೊಂದರಿಂದ ಕೊಡಲಿ ಕೊಳ್ಳುವಂತೆ ಹೇಳಿ, ಸೌದೆ ಕಡಿದು ಮಾರಲು ಅವರನ್ನು ಕಳುಹಿಸಿದರು. ಅಬೂದಾವೂದ್‌ನಲ್ಲಿ ಈ ವರದಿಯಿದೆ. ಆ ಹರಾಜಿನ ಉದ್ದೇಶ ಒಬ್ಬ ಬಡವನನ್ನು ಸ್ವಂತ ಕಾಲ ಮೇಲೆ ನಿಲ್ಲಿಸುವುದಾಗಿತ್ತೆಂಬುದನ್ನು ಗಮನಿಸಿರಿ.

ಸುಳ್ಳು ಕೂಗು

ಆದರೆ ಅದೇ ಪ್ರವಾದಿವರ್ಯರು(ಸ) 'ನಜ್‌ಶ್' ಅನ್ನು ವಿರೋಧಿಸಿದ್ದಾರೆ. ಕೊಳ್ಳುವ ಉದ್ದೇಶವಿಲ್ಲದೆ, ಇನ್ನೊಬ್ಬನನ್ನು ಸಿಕ್ಕಿಸಲು ಬೆಲೆ ಏರಿಸಿ ಕೂಗುವುದೇ ನಜ್‌ಶ್. ಹಾಗೆ ನಡೆದ ಮಾರಾಟ ಊರ್ಜಿತವೇ ಎಂಬಲ್ಲಿ ವಿದ್ವಾಂಸರ ನಡುವೆ ಭಿನ್ನಾಭಿಪ್ರಾಯವಿದೆ. ಆ ಕೃತ್ಯ ಪಾಪವೆಂಬಲ್ಲಿ ಭಿನ್ನಾಭಿಪ್ರಾಯವಿಲ್ಲ. ನಮ್ಮ ದೇಶದ 1930ರ ಸರಕು ಮಾರಾಟ ಕಾಯ್ದೆಯ 64ನೇ ಕಲಮಿನ ಪ್ರಕಾರವೂ ಮಾರುವವನು ಸುಳ್ಳು ಕೂಗಿನಿಂದ ಬೆಲೆ ಏರಿಸಿದರೆ, ಕೊಂಡವನು ಆ ಮಾರಾಟವನ್ನು ರದ್ದುಗೊಳಿಸಬಹುದು.

"ಗೆಳೆಯನ ಮಾಲು, ಎರಡು ಕೂಗು ಕೂಗಿದರೆ ಏನು ಹೋಯಿತು?" ಎಂದು ಕೇಳುವವರಿದ್ದಾರೆ. ಹೋದದ್ದು ಇನ್ನೊಬ್ಬನ ಹಣ. ಆತ ಅದನ್ನು ಸಾಲ ಮಾಡಿ ತಂದಿರಬಹುದು. ನಿಮ್ಮ ಕಿಸೆಗೆ ಒಂದು ಪೈಸೆ ಬರದಿದ್ದರೂ ಅವನ ನಷ್ಟದ ಲೆಕ್ಕದಲ್ಲಿ ನಿಮ್ಮ ಹೆಸರಿರುತ್ತದೆ.

ಬಣ್ಣದಡಿಯ ತುಕ್ಕು

ಹಳೆಯ ವಾಹನದ ವ್ಯಾಪಾರದಲ್ಲಿ ಇನ್ನೊಂದು ವಂಚನೆಯಿದೆ. ತುಕ್ಕು ಹಿಡಿದ ತಗಡಿಗೆ ಪಟ್ಟಿ ತುಂಬಿ ಹೊಳೆಯುವ ಬಣ್ಣ ಬಳಿಯುವುದು, ಬೇರೆ ಇಂಜಿನ್ ಕೂರಿಸಿ ಮೂಲದ್ದೆನ್ನುವುದು, ಮೀಟರ್ ಹಿಂದಕ್ಕೆ ತಿರುಗಿಸುವುದು. ಪ್ರವಾದಿವರ್ಯರು(ಸ) ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿದಾಗ ಮೇಲೆ ಒಣಗಿದ್ದ ಧಾನ್ಯ ಒಳಗೆ ಒದ್ದೆಯಾಗಿತ್ತು. ಮಳೆಗೆ ನೆನೆಯಿತೆಂದು ವ್ಯಾಪಾರಿ ಹೇಳಿದಾಗ, ಜನರಿಗೆ ಕಾಣುವಂತೆ ಅದನ್ನು ಮೇಲಿಡಬಾರದಿತ್ತೇ ಎಂದು ಪ್ರಶ್ನಿಸಿದರು; ವಂಚಿಸುವವನು ತನ್ನವನಲ್ಲವೆಂದೂ ಎಚ್ಚರಿಸಿದರು. ಮಾರ್ಪಡಿಸುವುದು ತಪ್ಪಲ್ಲ, ಮಾರ್ಪಡಿಸಿದ್ದನ್ನು ಮುಚ್ಚಿಡುವುದು ತಪ್ಪು. ನಿಮ್ಮ ಹಳೆಯ ಸ್ಕೂಟರ್ ಮಾರುವಾಗಲೂ ಅದರ ದೋಷವನ್ನು ಮೊದಲೇ ಹೇಳಿಬಿಡಿರಿ.

ಉದ್ದೇಶ ಮತ್ತು ಝಕಾತ್

ಸ್ವಂತ ಬಳಕೆಯ ವಾಹನಕ್ಕೆ, ಅದೆಷ್ಟೇ ಬೆಲೆಬಾಳಲಿ, ಝಕಾತ್ ಇಲ್ಲ. ಆದರೆ ಬೆಲೆ ಏರಿದಾಗ ಮಾರಿ ಲಾಭ ಗಳಿಸುವ ಉದ್ದೇಶದಿಂದಲೇ ಕೊಂಡದ್ದಾದರೆ ಅದು ವ್ಯಾಪಾರದ ಸರಕು. ಬಹುಸಂಖ್ಯಾತ ವಿದ್ವಾಂಸರ ಪ್ರಕಾರ ವರ್ಷ ತುಂಬಿದಾಗ ಅಂದಿನ ಮಾರುಕಟ್ಟೆ ಬೆಲೆಯ ಮೇಲೆ ಶೇಕಡಾ ಎರಡೂವರೆ ಸಲ್ಲಿಸಬೇಕು. ಲಾಭದ ಆಸೆಯನ್ನು ಮನಸ್ಸಿನಲ್ಲಿಟ್ಟುಕೊಂಡು, ಝಕಾತ್‌ನ ಸಮಯದಲ್ಲಿ ಮಾತ್ರ "ಇದು ನನ್ನ ಹವ್ಯಾಸ" ಎನ್ನುವವನು ಯಾರನ್ನು ವಂಚಿಸುತ್ತಾನೆ? ಅಲ್ಲಾಹನನ್ನು ವಂಚಿಸಲು ಅವನಿಂದಾಗದು.

ಏರಿದ ಬೆಲೆ ಏರಿಯೇ ಇರುತ್ತದೆಂಬ ಭರವಸೆಯೂ ಇಲ್ಲ. 1980ರ ದಶಕದ ಕೊನೆಯಲ್ಲಿ ಆಕಾಶಕ್ಕೇರಿದ ಫೆರಾರಿ ಕಾರುಗಳ ಬೆಲೆ 1990ರ ದಶಕದ ಆರಂಭದಲ್ಲಿ ದಡದಡನೆ ಕುಸಿದಿತ್ತು. ಹೆಚ್ಚಳದ ಪೈಪೋಟಿ ಮನುಷ್ಯನನ್ನು ಗೋರಿಯವರೆಗೂ ಮೈಮರೆಸುತ್ತದೆಂದು 'ಅತ್ತಕಾಸುರ್' ಅಧ್ಯಾಯವು ನೆನಪಿಸುತ್ತದೆ.

ಆದುದರಿಂದ ಹರಾಜಿಗೆ ಹೋಗುವ ಮುನ್ನ ನಿಮ್ಮ ಮಿತಿಯನ್ನು ಮನೆಯಲ್ಲೇ, ಮಡದಿ ಮಕ್ಕಳೊಂದಿಗೆ ಕುಳಿತು ನಿರ್ಧರಿಸಿರಿ. ಬೇಡದ ಮಾಲಿಗೆ ಕೂಗದಿರಿ. ಎದುರಾಳಿಯನ್ನು ಸೋಲಿಸುವ ಹಟ ಹುಟ್ಟಿದ ಕ್ಷಣವೇ ಸುಮ್ಮನಾಗಿರಿ. ಸಂಪತ್ತನ್ನು ಹೇಗೆ ಗಳಿಸಿದೆ, ಹೇಗೆ ಖರ್ಚು ಮಾಡಿದೆ ಎಂಬ ಎರಡೂ ಪ್ರಶ್ನೆಗಳು ನಾಳೆ ನಮ್ಮೆಲ್ಲರ ಮುಂದಿವೆ.