ಸರ್ವೋ ಮೋಟಾರಿನ ವೈರಿಂಗ್: ಬೋರ್‌ವೆಲ್ ಮೋಟಾರಿನ ಲೆಕ್ಕ ಇಲ್ಲಿ ನಡೆಯಲ್ಲ

ಬೋರ್‌ವೆಲ್ ಮೋಟಾರು ಉಲ್ಟಾ ತಿರುಗಿದರೆ ಏನು ಮಾಡ್ತೀವಿ? ಮೂರು ಫೇಸ್‌ನಲ್ಲಿ ಎರಡನ್ನು ಅದಲು ಬದಲು ಮಾಡ್ತೀವಿ, ಸರಿಹೋಗುತ್ತೆ. ನರ್ಸರಿಯ ಟ್ರೇ ಬಿತ್ತನೆ ಯಂತ್ರದಲ್ಲಿ ಸರ್ವೋ ಮೋಟಾರು ಇದ್ದರೆ ಅದಕ್ಕೆ ಈ ಉಪಾಯ ಮಾಡಬೇಡಿ. ಕೈಗೂ ಅಪಾಯ, ಯಂತ್ರಕ್ಕೂ ಅಪಾಯ.

ಕಾರಣ ಎನ್‌ಕೋಡರ್. ಇದು ಮೋಟಾರಿನ ಬೆನ್ನಿಗೆ ಕೂತಿರುವ ಕಣ್ಣು. 17 ಬಿಟ್ ಎನ್‌ಕೋಡರ್ ಒಂದು ಸುತ್ತನ್ನು 1,31,072 ಭಾಗ ಮಾಡಿ, ಶಾಫ್ಟ್ ಎಲ್ಲಿದೆ ಅಂತ ಡ್ರೈವ್‌ಗೆ ಹೇಳ್ತಾ ಇರುತ್ತೆ. ಡ್ರೈವ್ ಅದನ್ನು ನೋಡಿಕೊಂಡು ಕರೆಂಟ್ ಕೊಡುತ್ತೆ. ಫೇಸ್ ಬದಲಾದರೆ ಈ ಲೆಕ್ಕ ತಪ್ಪಿ ಶಾಫ್ಟ್ ಜಿಗಿಯಬಹುದು, ಇಲ್ಲವೇ ಅಲಾರಂ ಬಂದು ನಿಲ್ಲುತ್ತೆ. ದಿಕ್ಕು ಬದಲಿಸಬೇಕಾದರೆ ಡ್ರೈವ್‌ನ ಪ್ಯಾರಾಮೀಟರ್‌ನಲ್ಲೇ ಬದಲಿಸಿ.

ಅಬ್ಸಲ್ಯೂಟ್ ಎನ್‌ಕೋಡರ್‌ನ ಲಾಭ ಗೊತ್ತಾಗೋದು ಕರೆಂಟ್ ಹೋದಾಗ. ಸಾಮಾನ್ಯ ಎನ್‌ಕೋಡರ್ ತಾನಿದ್ದ ಜಾಗ ಮರೆಯುತ್ತೆ, ಪ್ರತಿ ಸಲ ಯಂತ್ರವನ್ನು ಮೊದಲ ಜಾಗಕ್ಕೆ ತರಬೇಕು. ಅಬ್ಸಲ್ಯೂಟ್ ಮರೆಯಲ್ಲ. ಆದರೆ ಹಲವು ಮಾದರಿಗಳಲ್ಲಿ ಎಷ್ಟು ಸುತ್ತು ಆಯ್ತು ಎಂಬ ಲೆಕ್ಕ ಉಳಿಯೋದು 3.6 ವೋಲ್ಟ್ ಲಿಥಿಯಂ ಬ್ಯಾಟರಿಯಿಂದ.

ಜೋಡಿಸುವ ಕ್ರಮ ನೋಡಿ:

1. ಸಪ್ಲೈ: ಎಂಸಿಬಿ ಮೂಲಕ ಡ್ರೈವ್‌ನ ಇನ್‌ಪುಟ್‌ಗೆ ಮಾತ್ರ. ಮೋಟಾರಿಗೆ ಹೋಗುವ ಯು, ವಿ, ಡಬ್ಲ್ಯು ಟರ್ಮಿನಲ್‌ಗೆ ಸಪ್ಲೈ ಕೊಟ್ಟರೆ ಡ್ರೈವ್ ಸುಟ್ಟುಹೋಗುತ್ತೆ.

2. ಮೋಟಾರು: ಡ್ರೈವ್‌ನ ಯು, ವಿ, ಡಬ್ಲ್ಯು ಮೋಟಾರಿನ ಅದೇ ಹೆಸರಿನ ತುದಿಗೆ. ಅರ್ಥಿಂಗ್ ವೈರ್ ಬಿಡಲೇಬೇಡಿ.

3. ಎನ್‌ಕೋಡರ್: ಕಂಪನಿಯ ಶೀಲ್ಡ್ ಕೇಬಲ್ಲನ್ನೇ ಬಳಸಿ, ನಡುವೆ ಕತ್ತರಿಸಿ ಟೇಪ್ ಸುತ್ತಬೇಡಿ. ಪವರ್ ಕೇಬಲ್ ಜೊತೆ ಒಂದೇ ಪೈಪಿನಲ್ಲಿ ಎಳೆಯಬೇಡಿ.

4. ಕಂಟ್ರೋಲರ್: ಪಿಎಲ್‌ಸಿಯಿಂದ ಪಲ್ಸ್ ಮತ್ತು ದಿಕ್ಕಿನ ಸಿಗ್ನಲ್. ಇದಕ್ಕೆ ಟ್ರಾನ್ಸಿಸ್ಟರ್ ಔಟ್‌ಪುಟ್ ಇರುವ ಪಿಎಲ್‌ಸಿ ಬೇಕು, ರಿಲೇ ಅಷ್ಟು ವೇಗಕ್ಕೆ ಆಗಲ್ಲ. ಡ್ರೈವ್ 5 ವೋಲ್ಟ್ ಕೇಳ್ತಿದ್ದು ಪಿಎಲ್‌ಸಿ 24 ವೋಲ್ಟ್ ಕೊಡ್ತಿದ್ದರೆ, ಮ್ಯಾನ್ಯುಯಲ್‌ನಲ್ಲಿ ಹೇಳಿದ ರೆಸಿಸ್ಟರ್ ಹಾಕಿ.

ಒಂದು ವಿಷಯ ಬಹಳ ಜನಕ್ಕೆ ತಿಳಿದಿರಲ್ಲ. ಪಲ್ಸ್ ವೈರ್ ಆಜ್ಞೆಯನ್ನು ಮಾತ್ರ ಒಯ್ಯುತ್ತೆ. ಶಾಫ್ಟ್ ಈಗ ಎಲ್ಲಿದೆ ಅಂತ ಪಿಎಲ್‌ಸಿಗೆ ಗೊತ್ತಾಗಬೇಕಾದರೆ ಆರ್‌ಎಸ್-485ನಂಥ ಸಂಪರ್ಕವೂ ಬೇಕು, ಡ್ರೈವ್‌ನಲ್ಲಿ ಅಬ್ಸಲ್ಯೂಟ್ ಮೋಡ್ ಆನ್ ಆಗಿರಬೇಕು. ಇಲ್ಲದಿದ್ದರೆ ಕೊಟ್ಟ ಹೆಚ್ಚಿನ ದುಡ್ಡು ದಂಡ.

ಕೊನೆಗೆ ಜೀವದ ಮಾತು. 230 ವೋಲ್ಟ್ ಡ್ರೈವ್‌ನ ಒಳಗೆ ಸುಮಾರು 325 ವೋಲ್ಟ್ ಡಿಸಿ ಇರುತ್ತೆ, ಸ್ವಿಚ್ ಆಫ್ ಮಾಡಿದ ಮೇಲೂ ಸ್ವಲ್ಪ ಹೊತ್ತು ಉಳಿದಿರುತ್ತೆ. ಮ್ಯಾನ್ಯುಯಲ್ ಹೇಳಿದಷ್ಟು ನಿಮಿಷ ಕಾಯಿರಿ, ಚಾರ್ಜ್ ಲೈಟ್ ಆರಿದ ಮೇಲೂ ಮೀಟರ್ ಹಿಡಿದು ನೋಡಿಯೇ ಕೈ ಹಾಕಿ. ಈ ಕೆಲಸ ಬಲ್ಲ ಎಲೆಕ್ಟ್ರಿಷಿಯನ್ ಜೊತೆಗಿರಲಿ. ಬ್ಯಾಟರಿ ಬದಲಿಸುವುದು ಮಾತ್ರ ಬೇರೆ: ಡ್ರೈವ್‌ನ ಕಂಟ್ರೋಲ್ ಸಪ್ಲೈ ಆನ್ ಇರುವಾಗಲೇ, ಮ್ಯಾನ್ಯುಯಲ್ ಹೇಳಿದ ಕ್ರಮದಲ್ಲಿ ಬದಲಿಸಬೇಕು, ಇಲ್ಲದಿದ್ದರೆ ಸುತ್ತಿನ ಲೆಕ್ಕ ಅಳಿಸಿಹೋಗುತ್ತೆ.

ಮೊದಲ ಓಟ ಲೋಡ್ ಬಿಚ್ಚಿ, ನಿಧಾನ ವೇಗದಲ್ಲಿ. ಒಂದು ವೈರ್ ಬಿಚ್ಚುವ ಮುಂಚೆಯೂ ಮೊಬೈಲ್‌ನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ.