ಕೇಳಿ ಬರೆದುಕೊಳ್ಳುವ ವಿದ್ಯೆ

ನೌಕರಿಯಲ್ಲಿದ್ದೇ ಎಂ.ಎ. ಓದುವವರಿಗೆ ಈಗ ಅಂತರ್ಜಾಲದಲ್ಲೂ ಪಾಠ ನಡೆಯುತ್ತದಷ್ಟೆ. ಜನರ ಮಾತು, ನಡವಳಿಕೆಗಳಿಂದ ಬಾಳನ್ನರಿಯುವ ಗುಣಾತ್ಮಕ ಸಂಶೋಧನೆಯನ್ನು ಹೀಗೆ ಕಲಿಸಬಹುದೆ? ಬಹುದೆಂದೇ ನಮ್ಮ ಅಭಿಪ್ರಾಯ. ಆದರೆ ಶಿಷ್ಯ ಹೋದ ಓಣಿಯನ್ನು ಗುರು ಕಾಣನು. ಟಿಪ್ಪಣಿಯನ್ನೇ ಸಾಲುಸಾಲಾಗಿ ತಿದ್ದಬೇಕು.

"ಬಡತನದಿಂದ ಊರು ಬಿಟ್ಟಿರಾ?" ಎಂದರೆ ಹೌದೆಂದು ಮಾತು ಮುಗಿಯುತ್ತದೆ. "ಊರು ಬಿಟ್ಟ ದಿನ ಏನೇನಾಯಿತು, ಹೇಳಿ" ಎಂದರೆ ಸಾಲ, ಜಗಳ, ಬಸ್ಸಿಗೆ ದುಡ್ಡು ಕೊಟ್ಟ ಅತ್ತಿಗೆ, ಎಲ್ಲವೂ ಹೊರಬರುತ್ತವೆ. ಅದನ್ನು ಅವರ ಮಾತಿನಲ್ಲೇ ಅಂದೇ ರಾತ್ರಿ ಬರೆದಿಡಬೇಕು.

ಎಂ. ಎನ್. ಶ್ರೀನಿವಾಸರು 1948ರಲ್ಲಿ ಮೈಸೂರಿನ ಬಳಿಯ ರಾಮಪುರದಲ್ಲಿದ್ದು ಸಂಗ್ರಹಿಸಿ, ವರ್ಷಗಟ್ಟಲೆ ಪರಿಷ್ಕರಿಸಿದ ಟಿಪ್ಪಣಿಗಳ ಮೂರು ಪ್ರತಿಗಳೂ 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಕಿಡಿಗೇಡಿಗಳಿಟ್ಟ ಬೆಂಕಿಗೆ ಸಿಕ್ಕವು. ನೆನಪಿನಿಂದಲೇ ಬರೆದ ಅವರ ಗ್ರಂಥ 1976ರಲ್ಲಿ ಹೊರಬಂತು. ಅದು ಊರಿನಲ್ಲಿ ತಿಂಗಳುಗಟ್ಟಲೆ ಬಾಳಿದವರ ನೆನಪು. ವಾರಕ್ಕೊಂದು ಸಂಜೆ ಹೋಗಿ ಕೇಳುವ ವಿದ್ಯಾರ್ಥಿಗೆ ಅಷ್ಟು ಧೈರ್ಯ ಬೇಡ.