ಕನ್ನಡಿಯಲ್ಲಿ ಚೆಂದ, ಫೋಟೋದಲ್ಲೇಕೆ ಹೀಗೆ?

ಪ್ರಶ್ನೆ: ನಾನು ಪದವಿ ಓದುತ್ತಿದ್ದೇನೆ. ದಾವಣಗೆರೆಯ ಬಟ್ಟೆ ಅಂಗಡಿಗಳ ಜಾಹೀರಾತಿಗೆ ಮಾಡೆಲ್ ಆಗುವ ಆಸೆಯಿದೆ. ಆದರೆ ಗೆಳತಿ ಮೊಬೈಲಿನಲ್ಲಿ ತೆಗೆದ ಫೋಟೋಗಳಲ್ಲಿ ನನ್ನ ಮೂಗು ದಪ್ಪ, ಮುಖ ಬಿಗಿ. ಕನ್ನಡಿಯಲ್ಲಿ ಹಾಗೆ ಕಾಣುವುದಿಲ್ಲ. ನನ್ನ ಮುಖ ಫೋಟೋಗೆ ಒಗ್ಗುವುದಿಲ್ಲವೇ? ಸುಧಾರಿಸಿಕೊಳ್ಳುವುದು ಹೇಗೆ?
— ಓದುಗರೊಬ್ಬರು, ಹೊನ್ನಾಳಿ

ಉತ್ತರ: ಕ್ಯಾಮೆರಾ ಮುಂದೆ ಹೊಸದಾಗಿ ನಿಂತವರಲ್ಲಿ ಹೆಚ್ಚಿನವರಿಗೆ ಈ ಅನುಮಾನ ಬರುತ್ತದೆ. ಮೊದಲು ಕನ್ನಡಿಯ ಗೊಂದಲ ಬಗೆಹರಿಸಿಕೊಂಡು, ಆಮೇಲೆ ಫೋಟೋ ತೆಗೆಸಿಕೊಳ್ಳುವ ಕ್ರಮಕ್ಕೆ ಬರೋಣ.

ಮುಖ ಬೇರೆಯಾಗಿ ಕಾಣಲು ಎರಡು ಕಾರಣಗಳಿವೆ. ಒಂದು, ಅಭ್ಯಾಸ. ನಿಮ್ಮ ಎಡ ಮೂಗಿನ ಬೊಟ್ಟು ಕನ್ನಡಿಯಲ್ಲಿ ನಿಮ್ಮ ಎಡಕ್ಕೇ ಕಾಣುತ್ತದೆ. ಫೋಟೋದಲ್ಲಿ ಬಲಕ್ಕೆ ಬರುತ್ತದೆ. ಬೈತಲೆ, ಹುಬ್ಬು, ನಗುವಿನ ವಾರೆ ಎಲ್ಲವೂ ಹೀಗೆ ಅದಲುಬದಲಾಗುತ್ತವೆ. 1977ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರು ವಿದ್ಯಾರ್ಥಿನಿಯರಿಗೆ ಅವರದೇ ಎರಡೂ ಬಗೆಯ ಚಿತ್ರ ತೋರಿಸಿದಾಗ, ಹೆಚ್ಚಿನವರು ಕನ್ನಡಿಯಲ್ಲಿ ಕಾಣುವಂಥದ್ದನ್ನು ಮೆಚ್ಚಿದರು. ಅವರ ಆಪ್ತರು ಮೆಚ್ಚಿದ್ದು ನೇರ ಚಿತ್ರವನ್ನು. ನಿಮಗೆ ವಿಚಿತ್ರವೆನಿಸುವ ಫೋಟೋ ಇತರರ ಕಣ್ಣಿಗೆ ಸಹಜವಾಗಿಯೇ ಇರುತ್ತದೆ.

ಎರಡು, ದೂರ. ಕ್ಯಾಮೆರಾ ತೀರ ಹತ್ತಿರ ಬಂದರೆ ಕಿವಿಗಿಂತ ಮೂಗು ಅದಕ್ಕೆ ಬಹಳ ಸಮೀಪವಾಗಿ, ಹಿಗ್ಗಿದಂತೆ ಕಾಣುತ್ತದೆ. 12 ಅಂಗುಲ ದೂರದಿಂದ ತೆಗೆದ ಸೆಲ್ಫಿಯಲ್ಲಿ ಮೂಗು ಸುಮಾರು ಶೇ 30ರಷ್ಟು ಅಗಲವಾಗಿ ಕಾಣುತ್ತದೆಂದು 2018ರಲ್ಲಿ ಅಮೆರಿಕದ ಸಂಶೋಧಕರು ಲೆಕ್ಕ ಹಾಕಿ ತೋರಿಸಿದರು. ಐದು ಅಡಿಯಿಂದ ತೆಗೆದರೆ ಈ ದೋಷ ಇಲ್ಲವೆನ್ನುವಷ್ಟು ಕಡಿಮೆ. ಆದ್ದರಿಂದ ನಿಮ್ಮ ಮುಖದಲ್ಲಿ ಯಾವ ಕೊರತೆಯೂ ಇಲ್ಲ. ಗೆಳತಿಯನ್ನು ಐದಾರು ಅಡಿ ಹಿಂದೆ ನಿಲ್ಲಿಸಿ, ಅಲ್ಲಿಂದ ಜೂಮ್ ಮಾಡಿ ತೆಗೆಯಲು ಹೇಳಿ.

ಇನ್ನು ಅಭ್ಯಾಸದ ಮೆಟ್ಟಿಲುಗಳು.

1. ಬೆಳಕು: ಮನೆಯ ತಲೆಬಾಗಿಲೇ ಸಾಕು. ಬಿಸಿಲು ನೇರ ಬೀಳದ ಹೊತ್ತಿನಲ್ಲಿ ಹೊಸ್ತಿಲಿನಿಂದ ಎರಡು ಹೆಜ್ಜೆ ಒಳಗೆ, ಹೊರಗಡೆ ಮುಖಮಾಡಿ ನಿಲ್ಲಿ. ಆಕಾಶದ ಬೆಳಕು ಮೆತ್ತಗೆ ಬಿದ್ದು ಕಣ್ಣಿನಲ್ಲಿ ಸಣ್ಣ ಬಿಳಿ ಚುಕ್ಕೆ ಹೊಳೆಯುತ್ತದೆ. ಆ ಚುಕ್ಕೆ ಇದ್ದರೆ ಮುಖಕ್ಕೆ ಜೀವ. ಈಗ ನಿಧಾನವಾಗಿ ಪಕ್ಕಕ್ಕೆ ತಿರುಗುತ್ತಾ ಹೋಗಿ. ಒಂದು ಕೆನ್ನೆಗೆ ನೆರಳು ಬಂದು ಮುಖದ ಆಕಾರ ಎದ್ದು ಕಾಣುತ್ತದೆ. ಯಾವ ಕೋನ ನಿಮಗೆ ಒಪ್ಪುತ್ತದೆಂದು ಗುರುತಿಟ್ಟುಕೊಳ್ಳಿ.

2. ಜಾಗ: ಅಡಿಕೆ ತೋಟ ಕಣ್ಣಿಗೆ ಚೆಂದ. ಆದರೆ ಮಧ್ಯಾಹ್ನ ಗರಿಗಳ ಸಂದಿಯಿಂದ ಇಳಿದ ಬಿಸಿಲು ಮುಖದ ಮೇಲೆ ಚುಕ್ಕೆ ಚುಕ್ಕೆಯಾಗಿ ಬೀಳುತ್ತದೆ, ಸುತ್ತಲ ಹಸಿರು ಮೈಬಣ್ಣಕ್ಕೂ ತಾಗುತ್ತದೆ. ತೋಟದ ಅಂಚಿನಲ್ಲಿ, ಬಯಲಿಗೆ ಮುಖಮಾಡಿ ನಿಂತರೆ ಈ ತೊಂದರೆ ಕಡಿಮೆ. ತುಂಗಭದ್ರಾ ದಡಕ್ಕೆ ಹೋಗುವುದಾದರೆ ಬೆಳಿಗ್ಗೆ ಎಂಟರೊಳಗೆ ಅಥವಾ ಸಂಜೆ ಐದರ ನಂತರ ಹೋಗಿ. ತಿಳಿ ಬಣ್ಣದ ಮರಳು ಬೆಳಕನ್ನು ಗಲ್ಲದ ಕೆಳಗೆ ಚಿಮ್ಮಿಸಿ ನೆರಳನ್ನು ತಗ್ಗಿಸುತ್ತದೆ. ಮರಳಿಲ್ಲದ ಕಡೆ ಬಿಳಿ ಥರ್ಮಾಕೋಲ್ ಹಾಳೆ ಈ ಕೆಲಸ ಮಾಡುತ್ತದೆ. ಚನ್ನಗಿರಿ ತಾಲ್ಲೂಕಿನ ಸಂತೇಬೆನ್ನೂರು ಪುಷ್ಕರಣಿಗೆ ಹೋಗುವ ಮನಸ್ಸಿದ್ದರೆ, ಅದು ಸಂರಕ್ಷಿತ ಸ್ಮಾರಕವಾದ್ದರಿಂದ ಮೊದಲೇ ಅಲ್ಲಿನ ಸಿಬ್ಬಂದಿಯನ್ನು ವಿಚಾರಿಸಿಕೊಳ್ಳಿ.

3. ನಿಲುವು: ಭುಜಗಳನ್ನು ಸ್ವಲ್ಪ ಓರೆ ಮಾಡಿ, ಭಾರವನ್ನು ಹಿಂದಿನ ಕಾಲಿಗೆ ಕೊಡಿ. ಗಲ್ಲವನ್ನು ತುಸು ಮುಂದಕ್ಕೆ ಚಾಚಿ, ಕೂದಲೆಳೆಯಷ್ಟು ಕೆಳಗಿಳಿಸಿ. ಮಾಡುವಾಗ ಇರುಸುಮುರುಸಾದರೂ ಫೋಟೋದಲ್ಲಿ ದವಡೆಯ ಗೆರೆ ಸ್ಪಷ್ಟವಾಗುತ್ತದೆ.

4. ಬಿಗಿತ: ಕ್ಲಿಕ್ಕಿಸುವ ಮುನ್ನ ಕಣ್ಣು ಮುಚ್ಚಿ, ಉಸಿರು ಹೊರಬಿಟ್ಟು, ಕಣ್ಣು ತೆರೆಯಿರಿ. ಕೈಗೆ ಕೆಲಸ ಕೊಡಿ: ಸೆರಗು ಸರಿಮಾಡುವುದು, ಮಲ್ಲಿಗೆ ಮುಡಿಯುವುದು, ಬಳೆ ತಿರುಗಿಸುವುದು. ಪದ್ಮಶ್ರೀ ಪುರಸ್ಕೃತ ಮೈಸೂರಿನ ಛಾಯಾಗ್ರಾಹಕ ಟಿ.ಎಸ್. ಸತ್ಯನ್ (1923–2009) ಜನಸಾಮಾನ್ಯರ ಬದುಕನ್ನು ಸೆರೆಹಿಡಿದ ಚಿತ್ರಗಳನ್ನು ಹುಡುಕಿ ನೋಡಿ. ತಮ್ಮ ಪಾಡಿಗೆ ತಾವು ತೊಡಗಿಕೊಂಡವರ ಮುಖದಲ್ಲಿ ಎಂಥ ನಿರಾಳ ಇರುತ್ತದೆಂಬುದು ತಿಳಿಯುತ್ತದೆ.

5. ಆಯ್ದ ಚಿತ್ರಗಳು: ಅಂಗಡಿಯವರಿಗೆ ತೋರಿಸಲು ಆಲ್ಬಂ ತುಂಬ ಫೋಟೋ ಬೇಕಿಲ್ಲ. ಮೇಕಪ್ ಇಲ್ಲದ ಮುಖದ ಕ್ಲೋಸಪ್, ಒಂದು ಪಕ್ಕನೋಟ, ಸರಳ ಉಡುಪಿನಲ್ಲಿ ಪೂರ್ತಿ ನಿಲುವು, ಸೀರೆಯಲ್ಲೊಂದು, ನಗುವ ಚಿತ್ರವೊಂದು ಇದ್ದರೆ ಆರಂಭಕ್ಕೆ ಸಾಕು. ಮುಖ ಬೆಳ್ಳಗಾಗಿಸುವ ಫಿಲ್ಟರ್ ಹಾಕಬೇಡಿ. ನಿಮ್ಮ ನಿಜವಾದ ಬಣ್ಣದ ಮೇಲೆ ಬಟ್ಟೆ ಹೇಗೆ ಒಪ್ಪುತ್ತದೆಂಬುದೇ ಅವರಿಗೆ ತಿಳಿಯಬೇಕಾದದ್ದು.

6. ಎಚ್ಚರ: ಅವಕಾಶ ಕೊಡಿಸುತ್ತೇವೆಂದು ಮುಂಗಡ ಹಣ ಕೇಳುವವರನ್ನು ನಂಬಬೇಡಿ. ಮೊದಮೊದಲ ಶೂಟಿಂಗ್‌ಗಳಿಗೆ ಮನೆಯವರನ್ನೋ ಗೆಳತಿಯನ್ನೋ ಜೊತೆಗೆ ಕರೆದೊಯ್ಯಿರಿ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ, ಬೇರೆ ಒಪ್ಪಂದವಿಲ್ಲದಿದ್ದರೆ, ಹಣ ಕೊಟ್ಟು ತೆಗೆಸಿದ ಫೋಟೋದ ಹಕ್ಕು ತೆಗೆಸಿದವರದು. ಸ್ಟುಡಿಯೋಗೆ ನೀವು ಹಣ ಕೊಟ್ಟರೆ ಹಕ್ಕು ನಿಮ್ಮದು. ಅಂಗಡಿ ಕೊಟ್ಟರೆ ಅಂಗಡಿಯದು. ಹಾಗಾಗಿ ನಿಮ್ಮ ಚಿತ್ರವನ್ನು ಎಲ್ಲೆಲ್ಲಿ, ಎಷ್ಟು ಕಾಲ ಬಳಸುತ್ತಾರೆಂಬುದನ್ನು ಬರಹದಲ್ಲಿ ಪಡೆದ ಮೇಲೆಯೇ ಒಪ್ಪಿಕೊಳ್ಳಿ.

ಈ ವಾರ ಮೊದಲ ಮೆಟ್ಟಿಲೊಂದನ್ನೇ ಮಾಡಿ ನೋಡಿ. ಬೆಳಕು ಯಾವ ಕಡೆಯಿಂದ ಬರುತ್ತಿದೆಯೆಂದು ನೋಡಿ ನಿಲ್ಲಬಲ್ಲ ಮಾಡೆಲ್ ಜೊತೆ ಕೆಲಸ ಮಾಡುವುದು ಯಾವ ಛಾಯಾಗ್ರಾಹಕರಿಗೂ ಇಷ್ಟ.